ಅಟ್ರೋಪಿನ್ ಡ್ರಾಯರ್ ಖಾಲಿಯಾಗಲು ಕಾಲು ಗಂಟೆ ಸಾಕು: ವಾರ್ಡಿನ ಔಷಧ ಕ್ಯಾಬಿನೆಟ್‌ನಲ್ಲಿ ಎಷ್ಟಿಡಬೇಕು?

[ದೃಶ್ಯ: ಬೆರಳಚ್ಚು ಒತ್ತಿದೊಡನೆ ಒಂದೇ ಡ್ರಾಯರ್ ತೆರೆದುಕೊಳ್ಳುತ್ತದೆ]

ನಮಸ್ಕಾರ. ಕಾಸರಗೋಡು, ಮಂಜೇಶ್ವರ, ಬದಿಯಡ್ಕ ಕಡೆಯ ನರ್ಸ್ ಮತ್ತು ಫಾರ್ಮಸಿಸ್ಟರಿಗಾಗಿ ಈ ವಿಡಿಯೋ. ವಾರ್ಡಿನ ಸ್ವಯಂಚಾಲಿತ ಔಷಧ ಕ್ಯಾಬಿನೆಟ್‌ನಲ್ಲಿ ಪ್ರತಿ ಔಷಧಕ್ಕೂ ಎರಡು ಅಂಕಿ ಕೊಡಬೇಕು: ಗರಿಷ್ಠ ಮತ್ತು ಕನಿಷ್ಠ. ಕನಿಷ್ಠಕ್ಕೆ ಇಳಿದ ಕೂಡಲೇ ಅದು ಫಾರ್ಮಸಿಯ ರೀಫಿಲ್ ಪಟ್ಟಿಗೆ ಸೇರುತ್ತದೆ.

ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್, ವಾಂತಿ ತಡೆಯುವ ಓಂಡಾನ್ಸೆಟ್ರಾನ್‌ನಂತೆ ದಿನವೂ ಖರ್ಚಾಗುವವುಗಳ ಲೆಕ್ಕ ಸುಲಭ. ಕಳೆದ 30 ದಿನದ ಖರ್ಚು ನೋಡಿ. ದಿನಕ್ಕೆ 20 ಹೋಗುತ್ತಿದ್ದರೆ ಗರಿಷ್ಠ 60, ಕನಿಷ್ಠ 20 ಇಟ್ಟು ಶುರುಮಾಡಿ. ಫಾರ್ಮಸಿಗೆ ಭಾನುವಾರ ರಜೆಯಿದ್ದರೆ ಕನಿಷ್ಠವನ್ನು 40ಕ್ಕೆ ಏರಿಸಿ.

[ಕ್ಲೋಸ್‌ಅಪ್: ಅಂಗೈಯಲ್ಲಿ ಐದು ಅಟ್ರೋಪಿನ್ ಆಂಪ್ಯೂಲ್]

ಇದೇ ಲೆಕ್ಕವನ್ನು ತುರ್ತು ಔಷಧಕ್ಕೆ ಹಾಕಿದರೆ ಜೀವಕ್ಕೇ ಅಪಾಯ. ಕೀಟನಾಶಕದ ವಿಷಕ್ಕೆ ಕೊಡುವ ಅಟ್ರೋಪಿನ್ನನ್ನೇ ನೋಡಿ. ಒಂದು ಆಂಪ್ಯೂಲಿನಲ್ಲಿ, ಅಂದರೆ ಚುಚ್ಚುಮದ್ದಿನ ಪುಟ್ಟ ಗಾಜಿನ ಶೀಶೆಯಲ್ಲಿ, 0.6 ಮಿಲಿಗ್ರಾಂ ಇದೆ. ಮಾಮೂಲಿ ತಿಂಗಳಲ್ಲಿ ಹತ್ತೂ ಖರ್ಚಾಗದು. ಆದರೆ ಆರ್ಗನೋಫಾಸ್ಫೇಟ್ ಕೀಟನಾಶಕದ ವಿಷ ಏರಿದ ಒಬ್ಬ ರೋಗಿ ಬಂದರೆ? ಮೊದಲ ಡೋಸ್ 3 ಮಿಲಿಗ್ರಾಂ ಎಂದರೆ ಐದು ಆಂಪ್ಯೂಲ್. ಗುಣ ಕಾಣದಿದ್ದರೆ ಐದು ನಿಮಿಷಕ್ಕೊಮ್ಮೆ ಇಮ್ಮಡಿ: 10, 20, 40 ಆಂಪ್ಯೂಲ್. ಹದಿನೈದನೇ ನಿಮಿಷಕ್ಕೆ ಒಟ್ಟು 75! ಆ ಹೊತ್ತಿನಲ್ಲಿ ಕೆಳಗಿನ ಫಾರ್ಮಸಿಗೆ ಓಡುವುದು ಯಾರು? ಹಾಗಾಗಿ ತುರ್ತು ವಿಭಾಗದಲ್ಲಿ ಸರಾಸರಿ ಬಿಡಿ, ಒಬ್ಬ ರೋಗಿಗೆ ಬೇಕಾದಷ್ಟನ್ನೇ ಕನಿಷ್ಠ ಮಾಡಿ. ಹಾವಿನ ವಿಷಕ್ಕೆ ಕೊಡುವ ಆ್ಯಂಟಿವೆನಮ್‌ಗೂ ಇದೇ ನಿಯಮ. ಮೊದಲ ಡೋಸಿಗೇ 8ರಿಂದ 10 ವಯಲ್ ಬೇಕು. ನಮ್ಮ ಅಡಿಕೆ ತೋಟಗಳ ನಡುವಿನ ಆಸ್ಪತ್ರೆಯಲ್ಲಿ ಕನಿಷ್ಠ 10 ಎನ್ನುವುದು ಹೆಚ್ಚೇನಲ್ಲ. ದ್ರವರೂಪದ್ದಾದರೆ 2ರಿಂದ 8 ಡಿಗ್ರಿಯ ಫ್ರಿಜ್‌ನಲ್ಲೇ ಇರಬೇಕು.

[ದೃಶ್ಯ: ತೆರೆದ ಮಾರ್ಫಿನ್ ಖಾನೆ]

ಇನ್ನು ಎಣಿಕೆ. ಪರದೆ ಮೊದಲೇ "12 ಇದೆ" ಎಂದು ತೋರಿಸಿದರೆ ಅವಸರದಲ್ಲಿ ಎಣಿಸದೆಯೇ 12 ಒತ್ತಿಬಿಡುತ್ತೇವೆ. ಪ್ರಬಲ ನೋವುನಿವಾರಕಗಳಾದ ಮಾರ್ಫಿನ್, ಫೆಂಟನಿಲ್‌ಗೆ ಅಂಕಿ ಮರೆಮಾಡುವ ಸೆಟ್ಟಿಂಗ್ ಹಾಕಿಸಿ. ಎಣಿಸಿದ್ದನ್ನು ನೀವೇ ಬರೆಯಬೇಕು, ಆಮೇಲೆ ಯಂತ್ರ ತಾಳೆ ನೋಡಬೇಕು. ವ್ಯತ್ಯಾಸ ಬಂದರೆ ಮೊದಲು ಖಾನೆಯ ಹಿಂದಿನ ಮೂಲೆಗೆ ಬೆರಳು ಹಾಕಿ. ಆಂಪ್ಯೂಲ್ ಅಲ್ಲಿಗೆ ಉರುಳಿರುತ್ತದೆ. ಅಲ್ಲೂ ಇಲ್ಲವಾದರೆ ಎರಡು ತೆಗೆದು ಒಂದು ದಾಖಲಿಸಿದ್ದಾರೋ ನೋಡಿ. ಶಿಫ್ಟ್ ಮುಗಿಯುವ ಮುನ್ನ, ತೆಗೆದವರು ಎದುರಿಗಿರುವಾಗಲೇ ಬಗೆಹರಿಸಿ. ಕಾರಣ ಸಿಗದೆ ಅಂಕಿ ತಿದ್ದಬೇಡಿ.

ಬಳಸದೆ ಉಳಿದದ್ದನ್ನು ಖಾನೆಗೆ ಮರಳಿ ಹಾಕಬೇಡಿ, ರಿಟರ್ನ್ ಪೆಟ್ಟಿಗೆಗೆ ಹಾಕಿ. ಅಡ್ರಿನಲಿನ್, ಅಟ್ರೋಪಿನ್ ಎರಡೂ ಪುಟ್ಟ 1 ಮಿಲಿ ಆಂಪ್ಯೂಲ್, ಒಮ್ಮೆ ಖಾನೆ ಅದಲುಬದಲಾದರೆ ಮುಂದೆ ತೆಗೆಯುವವರೆಲ್ಲರೂ ತಪ್ಪುತ್ತಾರೆ. ತುಂಬುವಾಗ ಬಾರ್‌ಕೋಡ್ ಸ್ಕ್ಯಾನ್ ಮಾಡಲೇಬೇಕು. ಆಂಪ್ಯೂಲಿನ ಮೇಲೆ ಅದಿಲ್ಲದಿದ್ದರೆ ಫಾರ್ಮಸಿಯಲ್ಲೇ ಲೇಬಲ್ ಅಂಟಿಸಿ ಕಳಿಸಿ. ಗಾಢ ಪೊಟ್ಯಾಸಿಯಂ ಕ್ಲೋರೈಡ್ ಅಂತೂ ವಾರ್ಡಿನ ಕ್ಯಾಬಿನೆಟ್‌ನಲ್ಲಿ ಇರಲೇಬಾರದು.

ಅವಧಿ ಬೇಗ ಮುಗಿಯುವುದು ಮುಂದೆ, ತಡವಾಗಿ ಮುಗಿಯುವುದು ಹಿಂದೆ. ಪ್ರತಿ ರೀಫಿಲ್‌ನಲ್ಲೂ ಖಾನೆಯೊಳಗಿನ ಅತಿ ಹತ್ತಿರದ ದಿನಾಂಕವನ್ನೇ ದಾಖಲಿಸಿ. ಹೊಸ ಪೆಟ್ಟಿಗೆಯ ದಿನಾಂಕ ಹಾಕಿಬಿಟ್ಟರೆ ಹಳೆಯದು ಅಲ್ಲೇ ಅವಧಿ ಮೀರುತ್ತದೆ, ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ.

[ದೃಶ್ಯ: ಕತ್ತಲೆ, ಟಾರ್ಚ್ ಬೆಳಕು, ಬೀಗದ ಕೈ]

ಮಳೆಗಾಲದಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೂಡ ಸೋತರೆ ಕೀಲಿಯಿಂದ ತೆರೆಯಬೇಕಾಗುತ್ತದೆ. ಕೀಲಿ ಯಾರ ಬಳಿ ಇದೆ ಎಂಬುದು ಪ್ರತಿ ಶಿಫ್ಟಿಗೂ ಗೊತ್ತಿರಲಿ. ತೆಗೆದದ್ದನ್ನೆಲ್ಲ ಕಾಗದದಲ್ಲಿ ಬರೆಯಿರಿ: ರೋಗಿ, ಔಷಧ, ಎಷ್ಟು, ಸಮಯ, ಸಹಿ. ಕರೆಂಟ್ ಬಂದ ಮೇಲೆ ಅವುಗಳನ್ನು ಯಂತ್ರಕ್ಕೆ ಏರಿಸಿ, ತೆರೆದ ಪ್ರತಿ ಖಾನೆಯನ್ನೂ ಇಬ್ಬರು ಸೇರಿ ಎಣಿಸಿ.