ಖೋ ಕೊಟ್ಟ ಮಗುವಿಗೆ ಏನು ಗೊತ್ತು?

ಕೊಪ್ಪಳ ಜಿಲ್ಲೆಯ ಶಿಕ್ಷಕ ಬಂಧುಗಳೇ,

ದೈಹಿಕ ಶಿಕ್ಷಣಕ್ಕೆ ಅಂಕ ಹಾಕುವ ದಿನ ಬಂತೆಂದರೆ ಎರಡು ದಾರಿ ಸುಲಭ. ಜೋರಾಗಿ ಓಡಿದವರಿಗೆ ಹೆಚ್ಚು ಅಂಕ ಹಾಕುವುದು ಒಂದು. ‘ಕಬಡ್ಡಿಯಲ್ಲಿ ಒಂದು ಕಡೆ ಎಷ್ಟು ಜನ ಆಡುತ್ತಾರೆ?’ ಎಂದು ಕೇಳಿ ‘7’ ಎಂದು ಬರೆದವರಿಗೆಲ್ಲ ಅಂಕ ಕೊಡುವುದು ಇನ್ನೊಂದು. ಒಂದರಲ್ಲಿ ಕಾಲಿನ ಕಸುವು ತಿಳಿಯಿತು, ಇನ್ನೊಂದರಲ್ಲಿ ಬಾಯಿಪಾಠ. ಆಟದ ತಿಳಿವಳಿಕೆ ಎಲ್ಲಿ ಸಿಕ್ಕಿತು?

ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಕ್ರೀಡಾ ಯೋಜನೆಯ ಪರೀಕ್ಷೆಯಲ್ಲಿ 3ನೇ ತರಗತಿಯವರೆಗೆ ಒಂಟಿಕಾಲಲ್ಲಿ ನಿಲ್ಲಿಸುತ್ತೇವೆ, 4ರಿಂದ ಮೇಲೆ 50 ಮೀಟರ್, 600 ಮೀಟರ್ ಓಡಿಸುತ್ತೇವೆ. ಅದು ದೇಹದ ಕ್ಷಮತೆಯ ಲೆಕ್ಕ. ಅದನ್ನು ಬೇರೆ ಪುಟದಲ್ಲೇ ಇಡಿ.

5ನೇ ತರಗತಿಗೆ ಖೋ-ಖೋ ತೆಗೆದುಕೊಳ್ಳೋಣ. ಎಂಟು ಮಕ್ಕಳನ್ನು ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಕೂರಿಸಿ. ಬೆನ್ನಟ್ಟುವ ಒಂಬತ್ತನೆಯವನ ಕಿವಿಯಲ್ಲಿ ಒಂದು ತಪ್ಪು ಹೇಳಿ ಕಳಿಸಿ: ಮುಂದಿನಿಂದ ಖೋ ಕೊಡುವುದು, ನಡುಗೆರೆ ದಾಟುವುದು, ಕಂಬ ಸುತ್ತದೆ ಹಿಂದಕ್ಕೆ ತಿರುಗುವುದು. ಕೂತವರಲ್ಲಿ ಒಬ್ಬನಿಗೆ ಖೋ ಬರುವ ಮೊದಲೇ ಏಳಲು ಹೇಳಿ. ನಡುವೆ ಎರಡು ಸಲ ಸರಿಯಾಗಿಯೇ ಆಡಿಸಿ. ಇಲ್ಲದಿದ್ದರೆ ಮಕ್ಕಳು ಪ್ರತಿ ಸಲವೂ ‘ತಪ್ಪು’ ಎಂದೇ ಕೂಗುತ್ತಾರೆ.

ಕೂಗುವುದೇ ದೊಡ್ಡ ತೊಂದರೆ. ಒಬ್ಬ ಜಾಣ ಬಾಯಿಬಿಟ್ಟರೆ ಉಳಿದ ಮೂವತ್ತು ಜನರ ಉತ್ತರವೂ ಅದೇ. ಅದಕ್ಕೆ ನೋಡುವವರನ್ನು ಆರಾರು ಜನರಂತೆ ಮಾತ್ರ ಕರೆಯಿರಿ. ಸೀಟಿ ಹೊಡೆದ ತಕ್ಷಣ ಅವರು ಕಣ್ಣು ಮುಚ್ಚಿ, ಆಟ ಸರಿಯಾದರೆ ಒಂದು ಬೆರಳು, ತಪ್ಪಾದರೆ ಎರಡು ತೋರಿಸಲಿ. ಆಮೇಲೆ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕಾರಣ ಕೇಳಿ. ಗುರುತಿಸಿದ್ದಕ್ಕೆ 1, ಕಾರಣಕ್ಕೆ 1, ಸರಿಮಾಡಿ ತೋರಿಸಿದ್ದಕ್ಕೆ 1. ತೋರಿಸುವಾಗ ಓಡಬೇಕಿಲ್ಲ, ನಡೆದರೂ ಸಾಕು. ‘ಮುಂದ್ಲಿಂದ ಕೊಟ್ಟಾನ್ರಿ, ಹಿಂದ್ಲಿಂದ ಕೊಡಬೇಕ್ರಿ’ ಎಂದರೆ ಪೂರ್ತಿ ಅಂಕ. ಪುಸ್ತಕದ ಭಾಷೆ ಇಲ್ಲಿ ಪರೀಕ್ಷೆಗಿಲ್ಲ. ಮನೆಯಲ್ಲಿ ತೆಲುಗೋ ಉರ್ದುವೋ ಆಡುವ ಮಗು ಕೈಸನ್ನೆಯಲ್ಲಿ ಹೇಳಿದರೂ ಅಷ್ಟೇ ಅಂಕ.

ಮಾರ್ಚ್ ಬಿಸಿಲಿಗೆ ಬಯಲು ಬೇಡ. ಬೇವಿನ ನೆರಳಲ್ಲಿ ಕೂತ ಮಕ್ಕಳ ಬದಲು ಎಂಟು ಹಂಚಿನ ಚೂರಿಟ್ಟು, ಮುಖ ಎತ್ತ ಎಂದು ಸೀಮೆಸುಣ್ಣದಲ್ಲಿ ಬಾಣ ಬರೆದರೆ ಅದೇ ಪರೀಕ್ಷೆ ನೆಲದ ಮೇಲೂ ನಡೆಯುತ್ತದೆ.

ಮೈಯ ಬಗ್ಗೆ ತಿಳಿಯಲು ನಾಡಿ ಒಳ್ಳೆಯದು. ಕೂತಾಗ 15 ಸೆಕೆಂಡು ಎಣಿಸಲಿ, ನಿಂತಲ್ಲೇ ಒಂದು ನಿಮಿಷ ಜಿಗಿದು ಮತ್ತೆ ಎಣಿಸಲಿ. ಮಕ್ಕಳು ಹೆಬ್ಬೆರಳು ಒತ್ತುತ್ತಾರೆ. ಅದರ ಮಿಡಿತವೇ ಸಿಕ್ಕು ಲೆಕ್ಕ ಕೆಡುತ್ತದೆ. ತೋರುಬೆರಳು, ನಡುಬೆರಳು ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕಡೆ ಇರಲಿ. ಜಿಗಿತ ನಿಲ್ಲಿಸಿ ನೀರು ಕುಡಿದು ಬಂದರೆ ನಾಡಿ ಇಳಿದಿರುತ್ತದೆ, ಕೂಡಲೇ ಎಣಿಸಬೇಕು. ನಾಲ್ಕರಿಂದ ಗುಣಿಸಲು ಹೇಳಬೇಡಿ. ಅಲ್ಲಿ ಎಡವಿದರೆ ಅದು ಗಣಿತದ ತಪ್ಪು, ಮೇಲಾಗಿ ಎಣಿಕೆಯಲ್ಲಿ ಒಂದು ತಪ್ಪಿದರೆ ಗುಣಿಸಿದಾಗ ನಾಲ್ಕಾಗುತ್ತದೆ. ಎರಡೂ ಸಂಖ್ಯೆ ಬರೆಸಿ ‘ಯಾಕೆ ಹೆಚ್ಚಾಯಿತು?’ ಎಂದಷ್ಟೇ ಕೇಳಿ. ‘ಜಿಗಿದದ್ದಕ್ಕೆ’ ಅರ್ಧ ಉತ್ತರ. ದುಡಿಯುವ ಸ್ನಾಯುವಿಗೆ ಹೆಚ್ಚು ರಕ್ತ ಬೇಕು ಎಂಬ ಮಾತು ಯಾವ ರೂಪದಲ್ಲಿ ಬಂದರೂ ಪೂರ್ತಿ.

ಒಂದು ಅವಧಿಗೆ ಆರು ಮಕ್ಕಳು ಸಾಕು. ಕಾಲಿನ ತೊಂದರೆಯಿಂದ ಅಂಗಳದ ಹೊರಗೆ ಕೂರುವ ಮಗುವಿನ ಹೆಸರಿನ ಮುಂದೆ ‘ವಿನಾಯಿತಿ’ ಎಂದು ಬರೆಯಬೇಡಿ. ಸೀಟಿ ಅವಳ ಕೈಗೆ ಕೊಡಿ, ತಪ್ಪು ಕಂಡಾಗ ಅವಳು ಊದಲಿ, ನೀವು ಎಣಿಸಿ.