ಅರ್ಥ ಸಿಗದ ಒಂದು ವರದಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಕಲಬುರಗಿಯಲ್ಲಿ ಮಕ್ಕಳ ಡಾಕ್ಟರು. ನನ್ನ ಹತ್ತಿರ ಬರುವ ತಾಯಂದಿರ ಕೈಯಲ್ಲಿ ಯಾವಾಗಲೂ ಒಂದು ಪ್ಲಾಸ್ಟಿಕ್ ಚೀಲ ಇರುತ್ತದೆ. ಅದರಲ್ಲಿ ಸೋಲಾಪುರದ ಸ್ಕ್ಯಾನು, ಹೈದರಾಬಾದಿನ ರಕ್ತದ ವರದಿ, ಬೆಂಗಳೂರಿನ ಡಿಸ್ಚಾರ್ಜ್ ಚೀಟಿ. ಆಳಂದದವರಿಗೆ ಸೋಲಾಪುರ ಹತ್ತಿರ, ಬೀದರಿನವರಿಗೆ ಹೈದರಾಬಾದ್ ಹತ್ತಿರ. ಮಗುವಿಗೆ ಜ್ವರ ಬಂದಾಗ ರಾಜ್ಯದ ಗಡಿ ನೋಡಿ ಯಾರೂ ಬಸ್ಸು ಹತ್ತುವುದಿಲ್ಲ. ಆದರೆ ಒಂದು ದವಾಖಾನೆಯ ಕಂಪ್ಯೂಟರಿನಲ್ಲಿರುವುದು ಇನ್ನೊಂದು ದವಾಖಾನೆಗೆ ಕಾಣುವುದಿಲ್ಲ. ಎಕ್ಸ್‌ರೇ ಆದರೆ ಮತ್ತೊಮ್ಮೆ ತೆಗೆಸಬಹುದು. ಜೀನ್ ಪರೀಕ್ಷೆಯ ಕಥೆ ಬೇರೆ.

ನಮ್ಮ ಜೀವಕೋಶದೊಳಗೆ ಸುಮಾರು 300 ಕೋಟಿ ಅಕ್ಷರಗಳ ಒಂದು ಬರಹ ಇದೆ. ಅಪ್ಪನಿಂದ ಒಂದು ಪ್ರತಿ, ಅವ್ವನಿಂದ ಒಂದು ಪ್ರತಿ. ಇದನ್ನೇ ಜೀನೋಮ್ ಅನ್ನುತ್ತಾರೆ. ಜೀನ್ ಪರೀಕ್ಷೆ ಅಂದರೆ ಈ ಬರಹವನ್ನು ಓದಿ ನೋಡುವುದು. ಒಬ್ಬರಿಂದ ಒಬ್ಬರಿಗೆ ಇದರಲ್ಲಿ ಲಕ್ಷಗಟ್ಟಲೆ ಕಡೆ ವ್ಯತ್ಯಾಸ ಇರುತ್ತದೆ. ಹೆಚ್ಚಿನವು ಸುಮ್ನೆ ಇರುತ್ತವೆ, ಏನೂ ಮಾಡುವುದಿಲ್ಲ. ಯಾವುದೋ ಒಂದು ಮಾತ್ರ ಕಾಯಿಲೆ ತರುತ್ತದೆ. ಅದು ಯಾವುದು ಅಂತ ಒಬ್ಬರ ಬರಹವನ್ನೇ ಎಷ್ಟು ದಿಟ್ಟಿಸಿದರೂ ತಿಳಿಯುವುದು ಕಷ್ಟ. ಬೇರೆ ಯಾರಲ್ಲಾದರೂ ಅದೇ ಬದಲಾವಣೆ ಇದೆಯಾ, ಇದ್ದವರು ಆರಾಮಾಗಿದ್ದಾರಾ ಅಂತ ನೋಡಬೇಕು.

ಕೆಲವು ವರ್ಷಗಳ ಹಿಂದೆ ಯಾದಗಿರಿ ಕಡೆಯ ಒಂದು ಕೂಸನ್ನು ನನ್ನ ಹತ್ತಿರ ತಂದಿದ್ದರು. ಫಿಟ್ಸ್ ಬರುತ್ತಿತ್ತು, ಕುತ್ತಿಗೆ ನಿಂತಿರಲಿಲ್ಲ. ತಾಯಿ ತನ್ನ ಸೋದರಮಾವನನ್ನೇ ಮದುವೆಯಾದವರು. ನಮ್ಮ ಭಾಗದಲ್ಲಿ ಇದು ಹೊಸದೇನಲ್ಲ. ಸಾಲ ಮಾಡಿ ಜೀನ್ ಪರೀಕ್ಷೆ ಮಾಡಿಸಿದರು. ದೊಡ್ಡ ಊರಿನ ಒಂದು ಲ್ಯಾಬಿನಿಂದ ವರದಿ ಬಂತು: ‘ಒಂದು ಬದಲಾವಣೆ ಸಿಕ್ಕಿದೆ, ಅದರ ಅರ್ಥ ಖಚಿತವಿಲ್ಲ.’ ಅಷ್ಟೇ. ಎರಡು ವರ್ಷದ ಮೇಲೆ ಡಾಕ್ಟರುಗಳ ಒಂದು ಸಭೆಯಲ್ಲಿ ಊಟದ ಹೊತ್ತಿಗೆ ಮಾತಾಡುವಾಗ ನನಗೆ ಗೊತ್ತಾಯಿತು. ಪಕ್ಕದ ರಾಜ್ಯದ ಒಂದು ದವಾಖಾನೆಯಲ್ಲಿ ಇನ್ನೊಂದು ಕೂಸಿಗೆ ಅದೇ ತೊಂದರೆ, ಅದೇ ಬದಲಾವಣೆ. ನಮ್ಮ ಪರೀಕ್ಷೆಗಿಂತ ಮೊದಲೇ ಅಲ್ಲಿ ಸಿಕ್ಕಿತ್ತು! ಎರಡೂ ವರದಿಗಳನ್ನು ಎದುರುಬದುರು ಇಟ್ಟಿದ್ದರೆ ಉತ್ತರದ ಹತ್ತಿರ ಬಂದಿರುತ್ತಿದ್ದೆವು. ಅಷ್ಟರಲ್ಲಿ ಆ ತಾಯಿಗೆ ಎರಡನೇ ಮಗು ಹುಟ್ಟಿತ್ತು. ಅದಕ್ಕೂ ಅದೇ ಕಾಯಿಲೆ. ತಂದೆ ತಾಯಿ ಇಬ್ಬರಲ್ಲೂ ಆ ದೋಷದ ಒಂದೊಂದು ಪ್ರತಿ ಅಡಗಿದ್ದರೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ ಇರುತ್ತದೆ. ಈ ಮಾತನ್ನು ಅವರಿಗೆ ಸಮಯಕ್ಕೆ ಹೇಳಲು ನನ್ನಿಂದ ಆಗಲಿಲ್ಲ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಇನ್ನೊಂದು ಮಾತು. ಹೋಲಿಸಲು ಜಗತ್ತಿನಲ್ಲಿ ಪಟ್ಟಿಗಳಿವೆ, ಆದರೆ ಅವುಗಳಲ್ಲಿ ಯುರೋಪ್ ಮೂಲದ ಜನರೇ ಜಾಸ್ತಿ. ನಾವು ದಿನಾ ‘ಖರೇ’ ಅನ್ನುತ್ತೇವೆ. ಬರೀ ಮೈಸೂರು ಕಡೆಯ ಮಾತು ಕೇಳಿ ಮಾಡಿದ ಪದಕೋಶದಲ್ಲಿ ಅದು ಸಿಗದಿದ್ದರೆ, ಓದಿದವರು ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ, ಅಲ್ವಾ? ಅಮೆರಿಕದಲ್ಲಿ ಹೀಗೇ ಆಯಿತು. ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆಗೆ ಕಾರಣ ಅಂತ ಕೆಲವು ಬದಲಾವಣೆಗಳನ್ನು ಕಪ್ಪು ಜನರ ವರದಿಯಲ್ಲಿ ಬರೆದಿದ್ದರು. ಅವು ಆ ಜನರಲ್ಲಿ ಸಾಮಾನ್ಯವಾಗಿ ಇರುವಂಥವು, ತೊಂದರೆ ಕೊಡದಂಥವು ಅಂತ 2016ರಲ್ಲಿ ಒಂದು ಅಧ್ಯಯನ ತೋರಿಸಿತು. ಮೊದಲಿನ ಹೋಲಿಕೆಯಲ್ಲಿ ಅವರಂಥವರು ತೀರಾ ಕಡಿಮೆ ಇದ್ದರು. ನಮ್ಮ ದೇಶದಲ್ಲಿ 2020ರಲ್ಲಿ ಜೀನೋಮ್ ಇಂಡಿಯಾ ಯೋಜನೆ ಶುರುವಾಗಿ, 10,000 ಜನರ ಜೀನೋಮ್ ಓದಲಾಯಿತು. 2025ರ ಜನವರಿಯಿಂದ ಆ ಮಾಹಿತಿ ಸಂಶೋಧಕರಿಗೆ ಸಿಗುವಂತಾಗಿದೆ. ಒಳ್ಳೆಯ ಆರಂಭ. ಆದರೆ ಜಾತಿ ಜಾತಿಯೊಳಗೆ, ಬಳಗದೊಳಗೆ ಮದುವೆಯಾಗುತ್ತ ಬಂದ ಇಷ್ಟು ದೊಡ್ಡ ದೇಶಕ್ಕೆ ಅಷ್ಟು ಸಾಲದು. ಸುರಪುರ, ಚಿಂಚೋಳಿ, ಔರಾದದ ಜನರೂ ಆ ಲೆಕ್ಕದೊಳಗೆ ಬರಬೇಕು.

ಇದಕ್ಕೆಲ್ಲ ದವಾಖಾನೆಗಳು ಜೀನ್ ಮಾಹಿತಿಯನ್ನು ಹಂಚಿಕೊಳ್ಳಬೇಕು. ಹಂಚಿಕೊಳ್ಳುವುದು ಅಂದರೆ ಇಡೀ ಜೀನೋಮನ್ನು ಊರೂರಿಗೆ ಕಳಿಸುವುದು ಅಂತ ಭಯ ಬೇಡ. ಮಾಹಿತಿ ಅದು ಇರುವ ಕಡೆಯೇ ಇರುತ್ತದೆ, ಪ್ರಶ್ನೆ ಮಾತ್ರ ಹೋಗಿ ಬರುತ್ತದೆ. ‘ಈ ಜಾಗದಲ್ಲಿ ಈ ಬದಲಾವಣೆ ನಿಮ್ಮಲ್ಲಿ ಯಾರಿಗಾದರೂ ಇದೆಯಾ?’ ಆ ಕಡೆಯಿಂದ ಹೌದು ಅಥವಾ ಇಲ್ಲ. ಹೌದು ಅಂದರೆ ಡಾಕ್ಟರು ಡಾಕ್ಟರು ಮಾತಾಡುತ್ತಾರೆ. ಇಂಥ ವ್ಯವಸ್ಥೆ ಜಗತ್ತಿನಲ್ಲಿ ಈಗಾಗಲೇ ನಡೆಯುತ್ತಿದೆ.

ಆದರೂ ಅಪಾಯ ಇದೆ, ಅದನ್ನು ಮುಚ್ಚಿಡಬಾರದು. ಹೆಸರು ತೆಗೆದರೂ ಜೀನೋಮೇ ಒಂದು ಗುರುತು. 2018ರಲ್ಲಿ ಕ್ಯಾಲಿಫೋರ್ನಿಯಾದ ಪೊಲೀಸರು ಹಳೆಯ ಕೊಲೆಗಾರನೊಬ್ಬನನ್ನು ಹಿಡಿದರು. ದಾರಿ ತೋರಿಸಿದ್ದು, ದೂರದ ಸಂಬಂಧಿಕರು ತಮ್ಮ ವಂಶ ಹುಡುಕಲು ಕೊಟ್ಟಿದ್ದ ಡಿಎನ್‌ಎ ಮಾಹಿತಿ. ಅವನು ಸಿಕ್ಕಿದ್ದು ಒಳ್ಳೆಯದೇ. ಆದರೆ ಇದರಿಂದ ಒಂದು ವಿಷಯ ತಿಳಿಯುತ್ತದೆ. ನಾನು ಕೊಟ್ಟ ರಕ್ತದಲ್ಲಿ ನನ್ನ ಅಣ್ಣ ತಮ್ಮಂದಿರೂ ಇದ್ದಾರೆ, ಅಕ್ಕನ ಮಕ್ಕಳೂ ಇದ್ದಾರೆ. ಅವರನ್ನು ಯಾರೂ ಕೇಳಿರುವುದಿಲ್ಲ.

ಹಾಗಾಗಿ ಒಪ್ಪಿಗೆ ಕೇಳುವ ಕೆಲಸವನ್ನು ಅವಸರದಲ್ಲಿ ಮುಗಿಸಬಾರದು. ಇಂಗ್ಲಿಷ್ ಫಾರಂ ಮುಂದಿಟ್ಟು ಹೆಬ್ಬೆಟ್ಟು ಒತ್ತಿಸಿದರೆ ಅದು ಒಪ್ಪಿಗೆ ಆಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ, ಸಂವಿಧಾನದ 8ನೇ ಅನುಸೂಚಿಯಲ್ಲಿರುವ ಯಾವ ಭಾಷೆಯಲ್ಲಾದರೂ ಒಪ್ಪಿಗೆ ಕೇಳುವ ಸೂಚನೆಯನ್ನು ಓದುವ ಅವಕಾಶ ಕೊಡಬೇಕು ಅನ್ನುತ್ತದೆ. ಕನ್ನಡ ಅದರಲ್ಲಿದೆ. ಕನ್ನಡದಲ್ಲೇ ಕೊಡಿ ಅಂತ ಕೇಳಿ. ಮಾಹಿತಿ ಯಾರ ಕೈಗೆ ಹೋಗುತ್ತದೆ, ಕಂಪನಿಗಳಿಗೂ ಹೋಗುತ್ತದಾ, ಮನಸ್ಸು ಬದಲಾದರೆ ವಾಪಸ್ ತೆಗೆಯಬಹುದಾ, ಇದೆಲ್ಲ ಕೇಳಿ. ಕೇಳಿದರೆ ಡಾಕ್ಟರು ಸಿಟ್ಟಾಗುತ್ತಾರೆ ಅಂತ ಅಂಜಬೇಡಿ.

ಆ ತಾಯಿಯನ್ನು ಮತ್ತೆ ಕರೆಸಿದೆ. ವರದಿಯ ಅರ್ಥ ಹೇಳಿದೆ. ಮಕ್ಕಳ ಮಾಹಿತಿಯನ್ನು ಬೇರೆ ದವಾಖಾನೆಗಳ ಜೊತೆ ಹಂಚಿಕೊಳ್ಳಬಹುದಾ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಡಂ, ನನ್ನ ತಮ್ಮನ ಲಗ್ನ ಇನ್ನಾ ಆಗಬೇಕ್ರಿ. ನಮ್ಮ ಹೆಸರು ಹೊರಗ ಬೀಳ್ತದೇನ್ರಿ?” ಅಂದರು. ಹೆಸರು ಹೋಗುವುದಿಲ್ಲ ಅಂದೆ. ಎಂದಿಗೂ ಯಾರೂ ಗುರುತು ಹಿಡಿಯಲಾರರು ಅಂತ ಮಾತು ಕೊಡಲಿಲ್ಲ. ಅವರು ಫಾರಂ ಮನೆಗೆ ಒಯ್ದರು. ಹದಿನೈದು ದಿನದ ಮೇಲೆ ತಮ್ಮನನ್ನೇ ಕರೆದುಕೊಂಡು ಬಂದು ಸಹಿ ಹಾಕಿದರು. ಹೊಸದೇನಾದರೂ ತಿಳಿದರೆ ಫೋನ್ ಮಾಡಿ ಅಂತ, ತಮ್ಮ ನಂಬರಿನ ಕೆಳಗೆ ತಮ್ಮನ ನಂಬರನ್ನೂ ಬರೆಸಿದರು.

ನಮಸ್ಕಾರ.