ದಾವಣಗೆರೆಯ ಬೌಲರ್, ಮುಂಬಯಿಯ ಮೈದಾನ

ಕೇಳುಗರೆಲ್ಲರಿಗೂ ನಮಸ್ಕಾರ.

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಿಗೆ, ರಾಜ್ಯ ತಂಡಗಳು ಸೆಣಸುವ ರಣಜಿ ಟ್ರೋಫಿ ಕ್ರಿಕೆಟ್ಟಿನ ದಿನಗಳು ಬಂದವೆಂದರೆ ಒಂದು ಬಗೆಯ ಇಕ್ಕಟ್ಟು. ಅನ್ನ ಕೊಟ್ಟ ಊರಿನ ತಂಡ ಗೆಲ್ಲಲಿ ಎಂದು ಬಾಯಿ ಹೇಳುತ್ತಿರುತ್ತದೆ, ಕಣ್ಣು ಮಾತ್ರ ಕರ್ನಾಟಕದ ಸ್ಕೋರನ್ನು ಹುಡುಕುತ್ತಿರುತ್ತದೆ. 2015ರ ಫೆಬ್ರುವರಿಯಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಸೆಮಿಫೈನಲ್ ನಡೆದಾಗ, ಅದುವರೆಗೆ 40 ಬಾರಿ ರಣಜಿ ಗೆದ್ದಿದ್ದ ಮುಂಬಯಿ ತಂಡ ಮೊದಲ ಇನಿಂಗ್ಸಿನಲ್ಲಿ 44 ರನ್ನುಗಳಿಗೆ ಉರುಳಿತು. ನಮ್ಮ ಕಚೇರಿಯ ಮರಾಠಿ ಸಹೋದ್ಯೋಗಿಯೊಬ್ಬರು, ಶಿವಾಜಿ ಪಾರ್ಕಿನಲ್ಲಿ ಆಡಿ ಬೆಳೆದವರು, ಮೊಬೈಲನ್ನು ನನ್ನ ಮುಂದೆ ಹಿಡಿದು, "ವೇಗವೇ ಇಲ್ಲದ ಈ ವೇಗದ ಬೌಲರ್ ನಮ್ಮವರನ್ನು ಹೀಗೆ ಮಾಡಿದ್ದು ಹೇಗೆ?" ಎಂದು ಕೇಳಿದರು. ಅಂದು 20 ರನ್ನಿಗೆ 6 ವಿಕೆಟ್ ಪಡೆದವರು ಕರ್ನಾಟಕದ ನಾಯಕ ಆರ್. ವಿನಯ್ ಕುಮಾರ್. ಸಹೋದ್ಯೋಗಿಯ ಪ್ರಶ್ನೆಯಲ್ಲಿ ವ್ಯಂಗ್ಯವಿತ್ತು, ಆದರೆ ಅದು ಸರಿಯಾದ ಪ್ರಶ್ನೆಯೇ ಆಗಿತ್ತು. ಅಂದು ನನಗೆ ಕೊಡಲಾಗದ ಉತ್ತರವನ್ನು ಇಂದು ಈ ಬಾನುಲಿಯಲ್ಲಿ ಕೊಡಲು ಯತ್ನಿಸುತ್ತೇನೆ.

1984ರಲ್ಲಿ ಹುಟ್ಟಿದ ವಿನಯ್ ದಾವಣಗೆರೆಯವರು. ತಂದೆ ಆಟೊರಿಕ್ಷಾ ಓಡಿಸುತ್ತಿದ್ದರು. ಬೆಂಗಳೂರಿನ ಲೀಗ್ ಕ್ರಿಕೆಟ್ಟಿನಿಂದ ದೂರದ ಊರಿನ ಹುಡುಗ 2004-05ರಲ್ಲಿ ರಾಜ್ಯ ತಂಡಕ್ಕೆ ಬಂದ ಹೊತ್ತಿಗೆ, ಕರ್ನಾಟಕದ ವೇಗದ ಬೌಲಿಂಗಿಗೆ ಒಂದು ಪರಂಪರೆ ಆಗಲೇ ಬೆಳೆದಿತ್ತು. ಪ್ರಸನ್ನ, ಚಂದ್ರಶೇಖರ್ ಅವರ ಕಾಲದಲ್ಲಿ ಸ್ಪಿನ್ನಿಗೆ ಹೆಸರಾದ ನಾಡು, ತೊಂಬತ್ತರ ದಶಕದಲ್ಲಿ ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್, ಡೇವಿಡ್ ಜಾನ್ಸನ್, ದೊಡ್ಡ ಗಣೇಶ್ ಎಂಬ ನಾಲ್ವರನ್ನು ಭಾರತ ತಂಡಕ್ಕೆ ಕೊಟ್ಟಿತ್ತು. ಶ್ರೀನಾಥರಿಗೆ ಸಹಜವಾದ ವೇಗವಿತ್ತು. ವಿನಯ್ ಅವರಿಗೆ ಅದು ಇರಲಿಲ್ಲ. 'ದಾವಣಗೆರೆ ಎಕ್ಸ್‌ಪ್ರೆಸ್' ಎಂದು ಅಭಿಮಾನಿಗಳು ಪ್ರೀತಿಯಿಂದ ಕರೆದರೂ, ಆ ಎಕ್ಸ್‌ಪ್ರೆಸ್ ಎಲ್ಲ ಸ್ಟೇಷನ್ನುಗಳಲ್ಲೂ ನಿಂತು ಹೊರಡುವಂಥದ್ದು ಎಂಬುದನ್ನು ಒಪ್ಪಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಇದ್ದದ್ದು ಮಣಿಕಟ್ಟು. ಹೊಸ ಚೆಂಡಿನ ಹೊಲಿಗೆಯನ್ನು ನೆಟ್ಟಗೆ ನಿಲ್ಲಿಸಿ, ತುಸು ಹೊರಬದಿಗೆ ತಿರುಗಿಸಿ ಬಿಡುವ ಬೌಲರಿಗೆ, ಚೆಂಡು ಗಾಳಿಯಲ್ಲಿ ಬಲಗೈ ಬ್ಯಾಟ್ಸ್‌ಮನ್ನನಿಂದ ಹೊರಕ್ಕೆ ಹೊರಳುತ್ತದೆ. ಹೊಲಿಗೆಯ ಮೇಲೆಯೇ ಬಿದ್ದರೆ ಪಿಚ್ಚಿನಿಂದಲೂ ತುಸು ಸರಿಯುತ್ತದೆ. ಆದರೆ ವೇಗ ಕಡಿಮೆಯಿರುವ ಬೌಲರ್ ಚೆಂಡನ್ನು ಗಿಡ್ಡವಾಗಿ ಹಾಕಿದರೆ, ಬ್ಯಾಟ್ಸ್‌ಮನ್ನನಿಗೆ ಹಿಂದಕ್ಕೆ ಸರಿದು ಹೊಡೆಯಲು ಬೇಕಾದಷ್ಟು ಸಮಯ ಸಿಗುತ್ತದೆ. ಆದ್ದರಿಂದ ಅಂಥವನು ಚೆಂಡನ್ನು ಮುಂದಕ್ಕೇ, ಬ್ಯಾಟಿನ ಹತ್ತಿರಕ್ಕೇ ಹಾಕಬೇಕು, ಡ್ರೈವ್ ಮಾಡುವಂತೆ ಆಸೆ ಹುಟ್ಟಿಸಬೇಕು, ಒಂದೆರಡು ಬೌಂಡರಿ ಹೋದರೂ ಎದೆಗುಂದದೆ ಅದೇ ಜಾಗಕ್ಕೆ ಮತ್ತೆ ಹಾಕಬೇಕು. ವಿಕೆಟ್ ಕೀಪರ್ ಪಕ್ಕದಲ್ಲಿ ಕ್ಯಾಚಿಗೆ ಕಾಯುವ ಮೂರು ಸ್ಲಿಪ್ಪುಗಳನ್ನು ನಿಲ್ಲಿಸಿ, ಓವರಿನ ಆರೂ ಚೆಂಡುಗಳನ್ನು ಒಂದು ತಟ್ಟೆಯಷ್ಟು ಜಾಗದಲ್ಲಿ ಬೀಳಿಸುವ ಈ ಕೆಲಸ, ನೋಡುವವರಿಗೆ ಬೇಸರ ತರಿಸಬಹುದಾದರೂ, ಬೌಲರಿನ ಮೈಯನ್ನು ದಣಿಸದೆ ಬಿಡುವುದಿಲ್ಲ. ಚೆಂಡು ಬಿಡುವ ಗಳಿಗೆಯಲ್ಲಿ ಮುಂಗಾಲು ನೆಲಕ್ಕೆ ಅಪ್ಪಳಿಸುವಾಗ ದೇಹದ ತೂಕದ ಹಲವು ಪಟ್ಟು ಭಾರ ಮಂಡಿಯ ಮೇಲೂ ಸೊಂಟದ ಮೇಲೂ ಬೀಳುತ್ತದೆ. ವಿನಯ್ ಇದನ್ನು 139 ಪ್ರಥಮ ದರ್ಜೆ ಪಂದ್ಯಗಳಲ್ಲಿ ಮಾಡಿ 504 ವಿಕೆಟ್ ಪಡೆದರು.

ಇಷ್ಟು ವಿಕೆಟ್ ಪಡೆದವರು ಆಡಿದ ಟೆಸ್ಟ್ ಒಂದೇ ಒಂದು. 2012ರ ಜನವರಿಯಲ್ಲಿ, ಆಸ್ಟ್ರೇಲಿಯದ ಪರ್ತ್‌ನಲ್ಲಿ. ಸ್ಪಿನ್ನರನ್ನು ಕೈಬಿಟ್ಟು ನಾಲ್ವರು ವೇಗಿಗಳೊಂದಿಗೆ ಇಳಿದ ಭಾರತ ಆ ಪಂದ್ಯವನ್ನು ಇನಿಂಗ್ಸ್ ಸೋಲಿನೊಂದಿಗೆ ಮುಗಿಸಿತು. ಡೇವಿಡ್ ವಾರ್ನರ್ 69 ಚೆಂಡುಗಳಲ್ಲಿ ಶತಕ ಮುಟ್ಟಿದ್ದು ವಿನಯ್ ಅವರ ಚೆಂಡನ್ನು ಸಿಕ್ಸರಿಗೆ ಎತ್ತಿಯೇ. 13 ಓವರುಗಳಲ್ಲಿ 73 ರನ್, ಒಂದು ವಿಕೆಟ್. ಪರ್ತ್‌ನ ಆ ಪಿಚ್ಚು ಹೆಸರಾಗಿದ್ದುದು ವೇಗಕ್ಕೆ ಮತ್ತು ಪುಟಿತಕ್ಕೆ. ಚೆಂಡನ್ನು ಮುಂದಕ್ಕೆ ಹಾಕಿ ಬದುಕುವ ಬೌಲರನ್ನು ಅಲ್ಲಿ ಮೊದಲ ಬಾರಿಗೆ ಪರೀಕ್ಷಿಸಿ, ಮತ್ತೆಂದೂ ಕರೆಯದೆ ಇದ್ದದ್ದು ನನ್ನ ದೃಷ್ಟಿಯಲ್ಲಿ ಆಯ್ಕೆಗಾರರ ತಪ್ಪೇ ಹೊರತು ಬೌಲರಿನದಲ್ಲ. ಒಂದು ದಿನದ ಪಂದ್ಯಗಳಲ್ಲಿ 31 ಅವಕಾಶಗಳು ಸಿಕ್ಕವು ಎಂಬುದನ್ನೂ ಹೇಳಬೇಕು. 2013ರ ನವೆಂಬರಿನಲ್ಲಿ ಬೆಂಗಳೂರಿನಲ್ಲೇ, ತಮ್ಮ ಜನರ ಕಣ್ಣೆದುರಿಗೇ, 9 ಓವರುಗಳಲ್ಲಿ 102 ರನ್ ತೆತ್ತದ್ದನ್ನು ಮರೆಮಾಚುವಂತಿಲ್ಲ.

ಆ ಪಂದ್ಯ ಕಳೆದು ಮೂರು ತಿಂಗಳು ತುಂಬುವಷ್ಟರಲ್ಲಿ, ವಿನಯ್ ಅವರ ನಾಯಕತ್ವದಲ್ಲಿ ಕರ್ನಾಟಕ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ, 1998-99ರ ಬಳಿಕ ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ಎತ್ತಿತು. ಮರುವರ್ಷದ ಫೈನಲ್ ನಮ್ಮ ವಾಂಖೆಡೆಯಲ್ಲೇ. 2015ರ ಮಾರ್ಚ್ 8, ಭಾನುವಾರ. ಮಾಟುಂಗದಿಂದ ದಾದರಿಗೆ ಹೋಗಿ, ಅಲ್ಲಿಂದ ಚರ್ಚ್‌ಗೇಟ್ ಲೋಕಲ್ ಹಿಡಿದು ನಾನೂ ಹೋಗಿದ್ದೆ. ಐಪಿಎಲ್ ರಾತ್ರಿಗಳಲ್ಲಿ ಒಳಗೆ ಕಾಲಿಡಲಾಗದ ಆ ಮೈದಾನದಲ್ಲಿ ಅಂದು ಬೇಕಾದ ಕುರ್ಚಿಯಲ್ಲಿ ಕೂರಬಹುದಿತ್ತು. ಎದುರಾಳಿ ತಮಿಳುನಾಡು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಇಬ್ಬರು ಹಿರಿಯರು, ಹೋಟೆಲು ಉದ್ಯಮದವರೆಂದು ಮಾತಿನಿಂದಲೇ ತಿಳಿಯುತ್ತಿತ್ತು, ಪ್ರತಿ ವಿಕೆಟ್ಟಿಗೂ ತುಳುವಿನಲ್ಲಿ ಆರಂಭಿಸಿ ಕನ್ನಡದಲ್ಲಿ ಕೂಗು ಮುಗಿಸುತ್ತಿದ್ದರು. ವಿನಯ್ 34 ರನ್ನಿಗೆ 5 ವಿಕೆಟ್ ಕಿತ್ತರು. ತಮಿಳುನಾಡು 134ಕ್ಕೆ ಮುಗಿಯಿತು.

ಬಳಿಕ ನಡೆದದ್ದು ಬ್ಯಾಟಿಂಗಿನ ಕಥೆ. 84ಕ್ಕೆ 5 ವಿಕೆಟ್ ಕಳೆದುಕೊಂಡ ಕರ್ನಾಟಕವನ್ನು ಕರುಣ್ ನಾಯರ್ 328 ರನ್ ಹೊಡೆದು, ಕೆ.ಎಲ್. ರಾಹುಲ್ 188 ರನ್ ಸೇರಿಸಿ ಎತ್ತಿ ನಿಲ್ಲಿಸಿದರು. ಅವರಿಬ್ಬರ ಹಿಂದೆ ಬಂದ ನಾಯಕ ಔಟಾಗದೆ 105 ರನ್ ಗಳಿಸಿದರು ಎಂಬುದು ಆ ಮೂರು ಶತಕಗಳ ರಾಶಿಯಲ್ಲಿ ಅನೇಕರಿಗೆ ಕಾಣಿಸಲೇ ಇಲ್ಲ. ಕರ್ನಾಟಕ 762. ಗೆಲುವು ಇನಿಂಗ್ಸ್ ಮತ್ತು 217 ರನ್ನುಗಳಿಂದ.

ಹಾಗೆಂದು ಎಲ್ಲವೂ ಗೆಲುವೇ ಆಗಿರಲಿಲ್ಲ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಇದೇ ಮುಂಬಯಿ ಎದುರು ಫೈನಲ್ ಆಡಿ, 338ರ ಗುರಿಗೆ 331ರಲ್ಲಿ ಮುಗಿದು, 6 ರನ್ನುಗಳಿಂದ ಸೋತ ನೋವನ್ನು ವಿನಯ್ ಉಂಡವರು. 2017ರ ಡಿಸೆಂಬರಿನಲ್ಲಿ ನಾಗಪುರದ ಕ್ವಾರ್ಟರ್‌ಫೈನಲ್ಲಿನಲ್ಲಿ ಮತ್ತೆ ಮುಂಬಯಿ ಸಿಕ್ಕಿತು. ಆಗಷ್ಟೇ ವಾಂಖೆಡೆಯಲ್ಲಿ ತನ್ನ 500ನೆಯ ರಣಜಿ ಪಂದ್ಯವನ್ನು ಸಂಭ್ರಮದಿಂದ ಆಡಿದ್ದ ತಂಡ ಅದು. 33 ವರ್ಷದ ವಿನಯ್, ಪೃಥ್ವಿ ಶಾ ಅವರಿಂದ ಆರಂಭಿಸಿ ಹ್ಯಾಟ್ರಿಕ್ ಪಡೆದು, 34 ರನ್ನಿಗೆ 6 ವಿಕೆಟ್ ಎತ್ತಿದರು; ಮುಂಬಯಿ 173ಕ್ಕೆ ಆಲೌಟಾಗಿ, ಕೊನೆಗೆ ಇನಿಂಗ್ಸ್ ಅಂತರದಲ್ಲಿ ಸೋತಿತು. ಮುಂದಿನ ವಾರವೇ ಕೋಲ್ಕತ್ತದ ಸೆಮಿಫೈನಲ್ಲಿನಲ್ಲಿ ವಿದರ್ಭದೆದುರು ಕರ್ನಾಟಕ ಸೋತದ್ದು 5 ರನ್ನುಗಳಿಂದ.

ಕರ್ನಾಟಕದ ಬಳಿಕ ಪುದುಚೇರಿಯ ಪರ ಆಡಿ, 2021ರ ಫೆಬ್ರುವರಿಯಲ್ಲಿ ವಿನಯ್ ನಿವೃತ್ತಿ ಘೋಷಿಸಿದರು. ಅದೇ ವರ್ಷ ಅವರನ್ನು ಹೊಸ ಪ್ರತಿಭೆಗಳನ್ನು ಗುರುತಿಸುವ ಕೆಲಸಕ್ಕೆ ಸೇರಿಸಿಕೊಂಡದ್ದು, ಹಿಂದೆ ಅವರು ಆಟಗಾರನಾಗಿಯೂ ಇದ್ದ ಮುಂಬಯಿ ಇಂಡಿಯನ್ಸ್ ತಂಡ. ಸುದ್ದಿ ಬಂದ ದಿನ ನನ್ನ ಸಹೋದ್ಯೋಗಿಗೆ ನಾನೇ ಫೋನ್ ಮಾಡಿ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರಲಿ, ಆದರೆ ಆ 44ರ ಲೆಕ್ಕ ನಾನು ಮರೆತಿಲ್ಲ ಎಂದು ಹೇಳಿ" ಎಂದರು.

ನಮಸ್ಕಾರ.